ಪದ್ಮಿನಿಗೆ ಬೀಡಿಂಗ್ ಕೂರಿಸಿದ್ದು: ನನ್ನ ಅನುಭವ

ಹಳೇ ಫಿಯಟ್‌ಗಳ ಪಕ್ಕದಲ್ಲಿ ಉದ್ದಕ್ಕೂ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದನ್ನೇ ಗ್ಯಾರೇಜಿನವರು ಬೀಡಿಂಗ್ ಅನ್ನುವುದು. ನೋಡುವುದಕ್ಕೆ ಬರೀ ಅಲಂಕಾರ. ಆದರೆ ಮಲೆನಾಡಿನ ಗಾಡಿಯಲ್ಲಿ ತುಕ್ಕು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಹೋದರೆ ಬಹಳ ಸಲ ಈ ಪಟ್ಟಿಯ ಹಿಂದೆಯೇ ಸಿಗುತ್ತದೆ. ಪಟ್ಟಿ ಹಿಡಿದು ನಿಲ್ಲಲು ಗಾಡಿಯ ತಗಡಿಗೆ ತೂತು ಕೊರೆದಿರುತ್ತಾರೆ. ತೂತಿನ ಅಂಚಿನಲ್ಲಿ ಪೇಂಟ್ ಸರಿಯಾಗಿ ಕೂತಿರುವುದಿಲ್ಲ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಅಲ್ಲಿ ಸೇರಿದ ನೀರು ಆರುವುದೆಂದು?

ನನ್ನದು ಪ್ರೀಮಿಯರ್ ಪದ್ಮಿನಿ, ಅಂದರೆ ಇಲ್ಲೇ ತಯಾರಾದ ಫಿಯಟ್ ಕಾರು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿ ಇಂಜಿನ್ನಿನ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಇರುವ ಗಾಡಿ. ಮೂಡಿಗೆರೆ ಕಡೆಯ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಇಂಜಿನ್, ಬ್ರೇಕಿನ ಕಥೆ ಬೇರೆಯೇ ಇದೆ, ಅದು ಇಲ್ಲಿ ಬೇಡ.

ಬಿಚ್ಚುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಲು ಹೋಗಬೇಡಿ. ಪಟ್ಟಿ ಒಂದು ಸಲ ಮಡಿಸಿಕೊಂಡರೆ ಆ ಗೆರೆ ಪೂರ್ತಿ ಹೋಗುವುದು ಕಷ್ಟ. ನನ್ನ ಗಾಡಿಯಲ್ಲಿ ಎರಡು ಬಗೆ ಇತ್ತು: ಕೆಲವು ಕಡೆ ಒಳಗಿನಿಂದ ನಟ್ ಹಾಕಿದ ಬೋಲ್ಟ್, ಉಳಿದ ಕಡೆ ಸ್ಪ್ರಿಂಗ್ ಕ್ಲಿಪ್. ನಟ್ ಇರುವ ಕಡೆ ಬಾಗಿಲಿನ ಒಳಗಿನ ಪ್ಯಾಡ್ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ರಾತ್ರಿಯೆಲ್ಲಾ ಬಿಟ್ಟೆ. ಕ್ಲಿಪ್ ಇರುವ ಕಡೆ ಬಿದಿರಿನ ಚಕ್ಕೆ ಸೀಳಿಕೊಂಡು ಮೆಲ್ಲಗೆ ಎಬ್ಬಿಸಿದೆ. ಒಂದೊಂದು ಪಟ್ಟಿಯ ಹಿಂದೆಯೂ ಎಡ ಬಾಗಿಲು, ಬಲ ಫೆಂಡರ್ (ಚಕ್ರದ ಮೇಲಿನ ತಗಡು) ಅಂತ ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿದೆ. ಎಲ್ಲವೂ ಒಂದೇ ತರ ಕಾಣುತ್ತವೆ, ಆದರೆ ಎಡದ್ದು ಬಲಕ್ಕೆ ಕೂರುವುದಿಲ್ಲ.

ಪಾಲಿಶ್‌ಗೆ ಮುಂಚೆ ಯಾವ ಲೋಹ ಅಂತ ಗೊತ್ತಿರಬೇಕು. ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ. ಕೆಲವು ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುತ್ತದೆ, ಕೆಲವಕ್ಕೆ ಹಿಡಿಯುವುದಿಲ್ಲ. ತೂಕ ನೋಡಿ, ಹಿಂಬದಿಯಲ್ಲಿ ಸಣ್ಣಗೆ ಗೀರಿ ನೋಡಿ. ಹಗುರ, ಮೆತ್ತಗೆ ಇದ್ದರೆ ಅಲ್ಯುಮಿನಿಯಂ. ಅದಕ್ಕೆ ಮೇಲೆ ಆನೊಡೈಸ್ ಪದರ (ಲೋಹ ಕಾಪಾಡುವ ತೆಳು ಗಟ್ಟಿ ಪದರ) ಇದ್ದರೆ, ತಿರುಗುವ ಚಕ್ರದಲ್ಲಿ ಉಜ್ಜಿ ಹೊಳಪು ಕೊಡುವ ಬಫಿಂಗ್‌ನಲ್ಲಿ ಅದು ಹೊರಟುಹೋಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬೇಗ ಮಂಕಾಗುತ್ತದೆ. ಸ್ಟೀಲ್ ಪಟ್ಟಿಯ ಡೆಂಟನ್ನು, ಒಳ ಆಕಾರಕ್ಕೆ ಸರಿಯಾಗಿ ಕೆತ್ತಿದ ಮರದ ತುಂಡು ಇಟ್ಟು ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಿದೆ. ಜಾಸ್ತಿ ಬಡಿದರೆ ಸ್ಟೇನ್‌ಲೆಸ್ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಮಾತು ಕೇಳುವುದಿಲ್ಲ. ನಂತರ 400, 600, 1000, 1500 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಕೊನೆಗೆ ಬಫ್. ಬಫ್ ಚಕ್ರ ಪಟ್ಟಿಯ ತುದಿಯನ್ನು ಕಚ್ಚಿ ಎಳೆದುಕೊಂಡರೆ ಪಟ್ಟಿಯೂ ಹೋಯಿತು, ಕೈಯೂ ಹೋಯಿತು. ಹುಷಾರು.

ಈಗ ಮುಖ್ಯವಾದ ವಿಷಯ. ಬೀಡಿಂಗ್ ಕೂರಿಸುವುದು ಪೇಂಟ್ ಆದಮೇಲಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಪೇಂಟ್‌ಗೆ ಮುಂಚೆಯೇ, ಬರೀ ಪ್ರೈಮರ್ ಇದ್ದಾಗ, ಪೂರ್ತಿ ಒಂದು ಸಲ ಕೂರಿಸಿ ತೆಗೆದೆ. ಬಾಗಿಲಿನ ಹಿಂಜಿನ ಪಿನ್ ಸವೆದು ಬಾಗಿಲು ಜೋತುಬಿದ್ದಿತ್ತು. ಮೊದಲು ಅದನ್ನು ಸರಿಮಾಡಿಸಿದೆ, ಇಲ್ಲದಿದ್ದರೆ ಪಟ್ಟಿಯ ಗೆರೆ ಯಾವತ್ತೂ ನೇರ ಬರುವುದಿಲ್ಲ. ಆಮೇಲೆ ಗಾರೆಯವರ ದಾರವನ್ನು ಮುಂದಿನ ಫೆಂಡರಿನಿಂದ ಹಿಂದಿನವರೆಗೆ ಎಳೆದು ಕಟ್ಟಿ, ದೂರ ನಿಂತು ನೋಡಿದೆ. ಮುಂದಿನ ಬಾಗಿಲು ತೆರೆದಾಗ ಹಿಂಜಿನ ಕಡೆಯ ಅಂಚು ಫೆಂಡರಿನ ಹತ್ತಿರ ಬರುತ್ತದೆ. ಅಲ್ಲಿ ಎರಡು ಪಟ್ಟಿಗಳ ತುದಿ ಒಂದಕ್ಕೊಂದು ತಾಗಬಾರದು. ತಾಗಿದರೆ ಹೊಸ ಪೇಂಟ್ ಎದ್ದುಬರುತ್ತದೆ. ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ ಈ ಸಂದನ್ನು ಗೊತ್ತುಮಾಡಿಕೊಂಡೆ.

ತುಕ್ಕು ತಿಂದು ಅಗಲವಾದ ತೂತುಗಳನ್ನು ವೆಲ್ಡಿಂಗ್‌ನಲ್ಲಿ ಮುಚ್ಚಿಸಿ ಹೊಸದಾಗಿ ಕೊರೆದೆ. ಕೊರೆಯುವ ಮುಂಚೆ ಬಾಗಿಲಿನ ಗಾಜು ಪೂರ್ತಿ ಮೇಲಕ್ಕೆ ಏರಿಸಿ. ಕೆಳಗಿಳಿದಿದ್ದರೆ ಡ್ರಿಲ್ ಬಿಟ್ ನೇರ ಅದಕ್ಕೇ ಹೋಗುತ್ತದೆ.

ತಗಡಿನ ಕೆಲಸ ಮಾಡುವ ಟಿಂಕರ್‌ಗೆ ಇದೆಲ್ಲಾ ಅತಿ ಅನ್ನಿಸಿತು. "ತೂತು ಮುಚ್ಚಿ, ಡಬಲ್ ಟೇಪ್ ಹಾಕಿ ಅಂಟಿಸಿಬಿಡೋಣ ಸಾರ್, ಯಾಕೆ ತಲೆನೋವು?" ಅಂದ. ಅವನ ಮಾತಲ್ಲೂ ನ್ಯಾಯ ಇದೆ, ತೂತೇ ಇಲ್ಲದಿದ್ದರೆ ನೀರು ಹೋಗುವುದೆಲ್ಲಿಂದ, ಅಲ್ವಾ? ಆದರೆ ಬಿಗಿದು ನಿಲ್ಲಲು ಮಾಡಿದ ಪಟ್ಟಿಯ ಹಿಂದೆ ಟೊಳ್ಳಿರುತ್ತದೆ, ಟೇಪ್ ಹಿಡಿಯಲು ಸಪಾಟಾದ ಜಾಗವೇ ಇರುವುದಿಲ್ಲ. ನಾನು ಒಪ್ಪಲಿಲ್ಲ.

ಪೇಂಟ್ ಆದಮೇಲೆ ಕೆಲವು ವಾರ ಗಾಡಿ ಮುಟ್ಟಲಿಲ್ಲ. ಒಳಗಿನವರೆಗೆ ಗಟ್ಟಿಯಾಗದ ಪೇಂಟಿನ ಮೇಲೆ ಕ್ಲಿಪ್ ಒತ್ತಿದರೆ ಗುರುತು ಕೂರುತ್ತದೆ. ಆಮೇಲೆ ಸಣ್ಣ ಬ್ರಷ್‌ನಲ್ಲಿ ಪ್ರತಿ ತೂತಿನ ಅಂಚಿಗೂ ಪ್ರೈಮರ್, ಪೇಂಟ್ ಎರಡನ್ನೂ ಹಚ್ಚಿದೆ. ಬೋಲ್ಟಿಗೆ ರಬ್ಬರ್ ವಾಷರ್ ಹಾಕಿದೆ, ಸುತ್ತ ಸೀಲಂಟ್ ಹಚ್ಚಿದೆ. ಸೀಲಂಟ್ ಕೊಳ್ಳುವಾಗ ಒಂದು ಮಾತು: ಹಚ್ಚಿದಾಗ ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ. ಆರುವಾಗ ಅದರಿಂದ ಆಮ್ಲ ಹೊರಬರುತ್ತದೆ, ಕಬ್ಬಿಣಕ್ಕೆ ಅದೇ ತುಕ್ಕು ಹಿಡಿಸುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಕೂರಿಸುವಾಗ ಇಬ್ಬರು ಇರಬೇಕು. ಒಬ್ಬರು ಹೊರಗೆ ಪಟ್ಟಿ ಹಿಡಿದು ಗೆರೆ ನೋಡಬೇಕು, ಇನ್ನೊಬ್ಬರು ಒಳಗೆ ನಟ್ ತಿರುಗಿಸಬೇಕು. ನಮ್ಮ ಮನೆಯಲ್ಲಿ ಹೊರಗೆ ನಿಂತದ್ದು ನನ್ನ ತಮ್ಮ, ಅವನ ಕಣ್ಣು ಚೆನ್ನಾಗಿದೆ. ಎಲ್ಲಾ ನಟ್‌ಗಳನ್ನೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ನಡುವಿನಿಂದ ಎರಡು ತುದಿಗೂ ಬಿಗಿ ಮಾಡುತ್ತಾ ಹೋದೆವು. ಜೋರಾಗಿ ಬಿಗಿದರೆ ಬೋಲ್ಟ್ ಇರುವ ಕಡೆ ಪಟ್ಟಿ ಒಳಗೆ ಕುಗ್ಗಿ, ಬಿಸಿಲಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಪಟ್ಟಿ ಅಲುಗಾಡದಿದ್ದರೆ ಸಾಕು.

ಒಳಗಿನ ಪ್ಯಾಡ್ ಹಾಕುವ ಮೊದಲು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ನೋಡಿ. ಗಾಜಿನ ಸಂದಿಯಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಅದು ಬಾಗಿಲಿನ ಅಡಿಯ ತೂತಿನಿಂದ ಹೊರಗೆ ಹೋಗಬೇಕು. ನನ್ನ ಗಾಡಿಯಲ್ಲಿ ಆ ತೂತುಗಳು ಎಲೆ, ಮಣ್ಣಿನಿಂದ ಪೂರ್ತಿ ಕಟ್ಟಿಕೊಂಡಿದ್ದವು, ತಂತಿ ಹಾಕಿ ಬಿಡಿಸಿದೆ. ಬಲ ಹಿಂಬದಿಯ ಒಂದು ಪಟ್ಟಿ ಮಾತ್ರ ಇನ್ನೂ ಸಿಕ್ಕಿಲ್ಲ. ಬೆಂಗಳೂರಿಗೆ ಹೋದಾಗೆಲ್ಲಾ ಜೆ.ಸಿ. ರೋಡಿನ ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳುತ್ತಿದ್ದೇನೆ. ಅಲ್ಲಿಯವರೆಗೆ ಆ ತೂತುಗಳಿಗೆ ರಬ್ಬರ್ ಬಿರಡೆ ಹಾಕಿಟ್ಟಿದ್ದೇನೆ.