ಡಿಪಾಸಿಟ್ ವಾಪಸ್ ಬಂದಿಲ್ಲವೇ? ಕ್ಯಾಲಿಫೋರ್ನಿಯಾದಲ್ಲಿ ಯಾವ ಕೋರ್ಟಿನ ಮೆಟ್ಟಿಲು?

ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಬಾಡಿಗೆ ಮನೆ ಖಾಲಿ ಮಾಡಿ ತಿಂಗಳಾಯಿತು. ಬೆಂಗಳೂರಿನಲ್ಲಿ ನಾವು ‘ಅಡ್ವಾನ್ಸ್’ ಅನ್ನುವ ಡಿಪಾಸಿಟ್ ಇನ್ನೂ ಬಂದಿಲ್ಲ. ಕೇಳಿದರೆ ‘ಕಾರ್ಪೆಟ್ ಹಾಳಾಗಿದೆ’ ಅನ್ನುವ ಉತ್ತರ. ‘ಫೆಡರಲ್ ಕೋರ್ಟಿಗೇ ಎಳೀತೀನಿ’ ಎಂದು ಹೊರಟವರು ಎಡವುವುದು ಇಲ್ಲೇ.

ನಮ್ಮಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಮೆರಿಕದಲ್ಲಿ ಅಕ್ಕಪಕ್ಕ ಎರಡಿವೆ: ರಾಜ್ಯದ್ದೊಂದು, ಫೆಡರಲ್ ಅಂದರೆ ಕೇಂದ್ರದ್ದೊಂದು. ಫೆಡರಲ್ ಏಣಿ ಹತ್ತಬೇಕಾದರೆ ವ್ಯಾಜ್ಯ ಫೆಡರಲ್ ಕಾನೂನಿನಿಂದ ಹುಟ್ಟಿರಬೇಕು. ಇಲ್ಲವೇ ವಾದಿ, ಪ್ರತಿವಾದಿ ಬೇರೆ ಬೇರೆ ರಾಜ್ಯದವರಾಗಿದ್ದು ಮೊತ್ತ 75,000 ಡಾಲರ್ ದಾಟಿರಬೇಕು. ಒಂದು ಸ್ವಾರಸ್ಯ ಕೇಳಿ: ಎಚ್-1ಬಿ ವೀಸಾದ ಕನ್ನಡಿಗ ಈ ಲೆಕ್ಕದಲ್ಲಿ ವಿದೇಶಿ. ಕ್ಯಾಲಿಫೋರ್ನಿಯಾದ ಅಮೆರಿಕನ್ ಪ್ರಜೆಯ ಮೇಲೆ ಅಷ್ಟು ದೊಡ್ಡ ಮೊತ್ತಕ್ಕೆ ಅವನು ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಗ್ರೀನ್ ಕಾರ್ಡ್ ಸಿಕ್ಕಿ ಅದೇ ರಾಜ್ಯದಲ್ಲಿ ನೆಲೆಸಿದನೋ, ಆ ಬಾಗಿಲು ಮುಚ್ಚಿತು!

ಮೂರು ಸಾವಿರ ಡಾಲರ್ ಡಿಪಾಸಿಟ್ಟಿಗೆ ಇಷ್ಟೆಲ್ಲ ಬೇಡ. ಸಣ್ಣ ಮೊತ್ತದ ವ್ಯಾಜ್ಯಗಳಿಗೆಂದೇ ಇರುವ ರಾಜ್ಯದ ಸ್ಮಾಲ್ ಕ್ಲೇಮ್ಸ್ ಕೋರ್ಟು ಸಾಕು.

ಮೊದಲು ದಿನ ಎಣಿಸಿ. ಮನೆ ಬಿಟ್ಟ 21 ದಿನದೊಳಗೆ ಮಾಲೀಕ ಹಣ ಕೊಡಬೇಕು, ಮುರಿದುಕೊಂಡಿದ್ದರೆ ಲೆಕ್ಕ ಕೊಡಬೇಕು. ಓಡಾಡಿ ಸವೆದ ಕಾರ್ಪೆಟ್ಟಿಗೆ, ಬಿಸಿಲಿಗೆ ಮಾಸಿದ ಬಣ್ಣಕ್ಕೆ ಹಣ ಹಿಡಿಯುವಂತಿಲ್ಲ. ಗಡುವು ದಾಟಿದರೆ ಪತ್ರ ಬರೆದು ಹಣ ಕೇಳಿ. ವಾಟ್ಸ್‌ಆ್ಯಪ್ ಜಗಳಕ್ಕಿಂತ ದಿನಾಂಕ ಹಾಕಿದ ಒಂದು ಪತ್ರಕ್ಕೆ ತೂಕ ಹೆಚ್ಚು.

ಆಗಲೂ ಬಗ್ಗದಿದ್ದರೆ, ಮನೆಯಿದ್ದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಎಸ್‌ಸಿ-100 ಅರ್ಜಿ ಸಲ್ಲಿಸಿ. ವ್ಯಕ್ತಿಯೊಬ್ಬ ಕೇಳಬಹುದಾದ ಗರಿಷ್ಠ ಮೊತ್ತ 12,500 ಡಾಲರ್. ಶುಲ್ಕ ಸಾಮಾನ್ಯವಾಗಿ 30ರಿಂದ 75. ಮಾಲೀಕ ದುರುದ್ದೇಶದಿಂದ ಹಣ ಹಿಡಿದದ್ದು ಸಾಬೀತಾದರೆ, ಡಿಪಾಸಿಟ್ಟಿನ ಎರಡು ಪಟ್ಟಿನವರೆಗೆ ದಂಡವನ್ನೂ ನ್ಯಾಯಾಧೀಶರು ಕೊಡಿಸಬಹುದು. ಅಂದರೆ ಮೂರು ಸಾವಿರದ ಜಗಳ ಒಂಬತ್ತು ಸಾವಿರಕ್ಕೆ ಏರಬಹುದು. ಅರ್ಜಿಯಲ್ಲೇ ಅದನ್ನು ಕೇಳಿ.

ನೋಟಿಸ್ ಜಾರಿ ಮಾಡುವಾಗ ಬಹಳ ಜನ ತಪ್ಪುತ್ತಾರೆ. ನೀವೇ ಕೊಂಡೊಯ್ದು ಕೊಟ್ಟರೆ ನಡೆಯದು. ಪ್ರಕರಣದಲ್ಲಿ ಇಲ್ಲದ, 18 ತುಂಬಿದ ಬೇರೊಬ್ಬರು ಕೈಗೆ ಕೊಡಬೇಕು. ಮಾಲೀಕ ಅದೇ ಕೌಂಟಿಯವನಾದರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ, ಹೊರಗಿನವನಾದರೆ 20 ದಿನ. ನೋಟಿಸ್ ಕೊಟ್ಟದ್ದಕ್ಕೆ ಸಾಕ್ಷಿಯಾಗಿ, ಕೊಟ್ಟವರು ಸಹಿ ಮಾಡಿದ ಎಸ್‌ಸಿ-104 ನಮೂನೆ ಕೋರ್ಟಿಗೆ ತಲುಪಬೇಕು.

ವಿಚಾರಣೆಯಲ್ಲಿ ನಿಮ್ಮ ಪರ ವಕೀಲರು ವಾದಿಸುವಂತಿಲ್ಲ, ಮಾಲೀಕನ ಪರವೂ ಇಲ್ಲ. ಕೆಲವೇ ನಿಮಿಷದಲ್ಲಿ ಮುಗಿದುಹೋಗಬಹುದು. ಕಥೆ ಹೇಳುತ್ತಾ ಕೂರಬೇಡಿ. ಕರಾರು, ಮನೆ ಹೊಕ್ಕ ದಿನದ ಮತ್ತು ಬಿಟ್ಟ ದಿನದ ಫೋಟೊ, ಪತ್ರದ ಪ್ರತಿ ಮುಂದಿಡಿ. ಇನ್ನೊಂದು ಮಾತು: ದಾವೆ ಹೂಡಿದ ನೀವು ಸೋತರೆ ಮೇಲ್ಮನವಿ ಇಲ್ಲ, ಸೋತ ಮಾಲೀಕನಿಗೆ ಮಾತ್ರ 30 ದಿನದ ಅವಕಾಶವಿದೆ.

‘ಗೆದ್ದವ ಸೋತ, ಸೋತವ ಸತ್ತ’ ಅನ್ನುವ ನಮ್ಮ ಗಾದೆ ಅಲ್ಲೂ ಅರ್ಧ ನಿಜ. ತೀರ್ಪು ಕೊಟ್ಟ ಕೋರ್ಟು ಹಣ ವಸೂಲಿ ಮಾಡಿಕೊಡುವುದಿಲ್ಲ. ಮಾಲೀಕ ಆಗಲೂ ಕೊಡದಿದ್ದರೆ ಕೋರ್ಟಿನಿಂದ ಜಾರಿ ಆದೇಶ ಪಡೆದು, ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್ ಮೂಲಕ ಅವನ ಬ್ಯಾಂಕ್ ಖಾತೆಗೆ ಕೈಹಾಕಿಸಬೇಕು. ಯಾವ ಬ್ಯಾಂಕು ಎಂದು ನೀವೇ ತಿಳಿಸಬೇಕು. ಬಾಡಿಗೆ ಕಟ್ಟುತ್ತಿದ್ದ ಚೆಕ್ಕುಗಳ ಹಿಂಬದಿಯ ಪ್ರತಿ ಎಸೆದಿಲ್ಲ ತಾನೇ?