ಹಳೇ ಟ್ರ್ಯಾಕ್ಟರ್ ತಗೊಂಡು ಪುಲ್ಲಿಂಗ್‌ಗೆ ಹೊರಟಿದ್ದೀರಾ? ಮೊದಲು ಟ್ಯಾಂಕ್ ಮುಚ್ಚಳ ತೆಗೆದು ನೋಡಿ

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಿದವರಿಗೆ ಅಮೆರಿಕದ ಟ್ರ್ಯಾಕ್ಟರ್ ಪುಲ್ಲಿಂಗ್ ಥಟ್ಟನೆ ಅರ್ಥವಾಗುತ್ತದೆ. ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್, ಕಲ್ಲಿನ ಜಾಗದಲ್ಲಿ ಸ್ಲೆಡ್ ಎಂಬ ಭಾರದ ಬಂಡಿ. ಆದರೆ ಕಲ್ಲಿನ ಭಾರ ಕೊನೆವರೆಗೂ ಅಷ್ಟೇ ಇರುತ್ತದೆ, ಸ್ಲೆಡ್‌ನದು ಹಾಗಲ್ಲ. ಅದು ಮುಂದೆ ಹೋದಂತೆ ಮೇಲಿರುವ ತೂಕದ ಪೆಟ್ಟಿಗೆ ಹಿಂದಿನ ಚಕ್ರಗಳ ಕಡೆಯಿಂದ ಟ್ರ್ಯಾಕ್ಟರ್ ಕಡೆಗೆ ಜರುಗುತ್ತಾ ಬಂದು, ಮುಂದಿನ ತಟ್ಟೆಯನ್ನು ಮಣ್ಣಿಗೆ ಒತ್ತುತ್ತದೆ. ಪೂರ್ತಿ 300 ಅಡಿ ಎಳೆದರೆ ಅದು ‘ಫುಲ್ ಪುಲ್’.

ಓಹಿಯೋದ ಬೌಲಿಂಗ್ ಗ್ರೀನ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಓಡುವ ಸಾವಿರಾರು ಹಾರ್ಸ್‌ಪವರ್‌ನ ರಾಕ್ಷಸ ಯಂತ್ರಗಳ ಮಾತು ಇಲ್ಲಿ ಬೇಡ. ನಾನು ಹೇಳುತ್ತಿರುವುದು ಅಲ್ಲಿನ ಊರ ಜಾತ್ರೆಗಳಲ್ಲಿ ನಡೆಯುವ ಆಂಟಿಕ್ ಕ್ಲಾಸ್, ಅಂದರೆ ಹಳೇ ಗಾಡಿಗಳ ವಿಭಾಗದ ಬಗ್ಗೆ. ಹೆಚ್ಚಿನ ಕಡೆ 1950ರ ದಶಕದ ಕೊನೆ ಅಥವಾ ಅದಕ್ಕೂ ಹಿಂದಿನ ಗಾಡಿಗಳಿಗೆ ಮಾತ್ರ ಇಲ್ಲಿ ಜಾಗ. ಆ ಕಡೆ ನೆಲೆಸಿರುವ ನಮ್ಮವರು ಯಾರಾದರೂ ಜಾನ್ ಡಿಯರ್ ಬಿ, ಫಾರ್ಮಾಲ್ ಎಚ್ ತರಹದ ಗಾಡಿ ಕೊಂಡಿದ್ದರೆ ಇದು ಅವರಿಗೆ.

ಮೊದಲ ಕೆಲಸ, ನೀವು ಇಳಿಯುವ ಕ್ಲಬ್‌ನ ನಿಯಮದ ಹಾಳೆ ತರಿಸಿಕೊಂಡು ಇಂಧನದ ಸಾಲು ಹುಡುಕಿ. ತೂಕ, ಟೈರ್ ಎಲ್ಲ ಆಮೇಲೆ. ಎಲ್ಲರೂ ತೂಕದಿಂದ ಶುರು ಮಾಡುತ್ತಾರೆ, ಅದು ತಪ್ಪು ಅಂತ ನನ್ನ ಅನಿಸಿಕೆ. ತೂಕದ ಕಬ್ಬಿಣವನ್ನು ಮೈದಾನದಲ್ಲೇ ತೆಗೆದು ಹಾಕಬಹುದು, ಆದರೆ ಟ್ಯಾಂಕ್‌ನಲ್ಲಿ ತಪ್ಪು ಎಣ್ಣೆ ಇದ್ದರೆ ನೀವು ಆ ಕ್ಲಾಸ್‌ನಲ್ಲೇ ಇಲ್ಲ, ಅಷ್ಟೇ. ಸಾಮಾನ್ಯವಾಗಿ ಪೆಟ್ರೋಲ್, ಡೀಸೆಲ್, ಎಲ್‌ಪಿಜಿ ನಡೆಯುತ್ತವೆ. ಮೆಥನಾಲ್ ಎಂಬ ಆಲ್ಕೋಹಾಲ್, ಶಕ್ತಿ ಏರಿಸಲು ಎಂಜಿನ್‌ಗೆ ಬಿಡುವ ನೈಟ್ರಸ್ ಅನಿಲ ಹೆಚ್ಚಿನ ಕಡೆ ಇಲ್ಲ.

ಮೆಥನಾಲ್ ಯಾಕೆ ಬೇಡ? ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ಮೆಥನಾಲ್‌ಗೆ ಸುಮಾರು 6.5 ಸಾಕು. ಅಂದರೆ ಅದೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಎಣ್ಣೆ ಸುರಿಯಬಹುದು. ಅದು ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನೂ ತಣ್ಣಗೆ ಮಾಡುತ್ತದೆ, ಹಾಗಾಗಿ ಶಕ್ತಿ ಏರುತ್ತದೆ. ಎಪ್ಪತ್ತು ವರ್ಷದ ಎರಕದ ಎಂಜಿನ್ ಅದನ್ನು ಎಷ್ಟು ದಿನ ತಡೆದೀತು? ಇನ್ನೊಂದು ಭಯ ಬೆಂಕಿಯದು. ಮೆಥನಾಲ್ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಮೈಗೆ ಹತ್ತಿದ ಮೇಲೆಯೇ ಗೊತ್ತಾಗುವುದು.

ಆಮೇಲೆ ನಿಮ್ಮ ಎಂಜಿನ್ ಯಾವ ಎಣ್ಣೆಗೆ ಹುಟ್ಟಿದ್ದು ಅಂತ ನೋಡಿ. ಹಳೇ ಜಾನ್ ಡಿಯರ್‌ಗಳಲ್ಲಿ ಎರಡು ಟ್ಯಾಂಕ್ ಇದ್ದರೆ ಅದು ‘ಆಲ್ ಫ್ಯೂಯಲ್’ ಗಾಡಿ. ಚಿಕ್ಕ ಟ್ಯಾಂಕ್‌ನ ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಕಾದ ಮೇಲೆ ದೊಡ್ಡ ಟ್ಯಾಂಕ್‌ನ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ಇದರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಎಣ್ಣೆಯನ್ನು ಒತ್ತುವ ಪ್ರಮಾಣ, ತುಂಬಾ ಕಡಿಮೆ. ಹಾಗಾಗಿ ಜಾಸ್ತಿ ಒತ್ತಡ ತಡೆಯುವ, ಜಾಸ್ತಿ ಆಕ್ಟೇನ್‌ನ ದುಬಾರಿ ರೇಸ್ ಪೆಟ್ರೋಲ್ ಹಾಕಿದರೆ ಸುಮ್ನೆ ದುಡ್ಡು ದಂಡ, ಸಾದಾ ಪೆಟ್ರೋಲ್ ಸಾಕು.

ಆದರೆ ಆ ಸಾದಾ ಪೆಟ್ರೋಲ್‌ನಲ್ಲಿ ಎಥನಾಲ್ ಇರಬಾರದು. ಇದನ್ನು ನಾನು ಕೈಸುಟ್ಟುಕೊಂಡೇ ಕಲಿತೆ. ಪಂಪ್‌ನಿಂದ ತಂದದ್ದನ್ನು ಹಾಗೇ ಹಾಕಿ ನನ್ನ ಜಾನ್ ಡಿಯರ್ ಬಿ ಗಾಡಿಯನ್ನು ಕೆಲವು ವಾರ ಬಿಟ್ಟಿದ್ದೆ. ಎಣ್ಣೆಯ ನಲ್ಲಿ ತಿರುಗಿಸಿದ್ದೇ ತಡ, ಕಾರ್ಬುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಬಿಚ್ಚಿ ನೋಡಿದರೆ ಒಳಗೆ ತೇಲುತ್ತಾ ಎಣ್ಣೆಯ ಮಟ್ಟ ಕಾಯುವ ಫ್ಲೋಟ್ ಕಾರ್ಕಿನದು, ಅದರ ಮೇಲಿದ್ದ ಅರಗಿನ ಲೇಪ ಕರಗಿ ಅಂಟಂಟಾಗಿತ್ತು. ಕಾರ್ಕು ನೆನೆದ ಕಡಲೆಕಾಳಿನ ಹಾಗೆ ಎಣ್ಣೆ ಕುಡಿದು ಭಾರವಾಗಿ ತಳ ಸೇರಿತ್ತು. ಫ್ಲೋಟ್ ತೇಲದಿದ್ದರೆ ಎಣ್ಣೆ ನಿಲ್ಲಿಸುವವರು ಯಾರು? ನಮ್ಮಲ್ಲೂ ಈಗ ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಿದೆ, ಹಳೇ ಬೈಕ್ ಇಟ್ಟುಕೊಂಡವರು ರಬ್ಬರ್ ಪೈಪ್‌ಗಳ ಮೇಲೂ ಕಣ್ಣಿಡಬೇಕು.

ಪರೀಕ್ಷೆ ಸುಲಭ. ಬಯಲಲ್ಲಿ, ಬೆಂಕಿಯಿಂದ ದೂರ, ಅಳತೆ ಗೆರೆ ಇರುವ ಉದ್ದನೆಯ ಗಾಜಿನ ನಳಿಗೆಯಲ್ಲಿ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ತಳದ ನೀರು 10ರ ಗೆರೆಯಲ್ಲೇ ಇದ್ದರೆ ಎಥನಾಲ್ ಇಲ್ಲ. ಗೆರೆ ದಾಟಿ ಮೇಲೇರಿದ್ದರೆ ಆ ಪೆಟ್ರೋಲ್ ಬೇಡ.

ಉಳಿದದ್ದು ಬೇಗ ಮುಗಿಯುತ್ತದೆ. ಕ್ಲಾಸ್‌ಗೆ ತಕ್ಕಂತೆ ತೂಕ ಹೊಂದಿಸಿ, ಬಹುತೇಕ ಕಡೆ ನಿಮ್ಮ ಮೈತೂಕವೂ ಅದರಲ್ಲೇ ಸೇರುತ್ತದೆ. ಗಾಡಿ ಹಿಂದಕ್ಕೆ ಮಗುಚದಂತೆ ತಡೆಯುವ ಕಂಬಿಗಳನ್ನು ಭದ್ರವಾಗಿ ಕಟ್ಟಿ. ನೀವು ಬಿದ್ದರೂ ಎಂಜಿನ್ ನಿಲ್ಲುವಂತೆ ಸ್ವಿಚ್ ಇರಲಿ.

ಮೈದಾನದಲ್ಲಿ ಸರಪಳಿ ಬಿಗಿಯಾಗುವ ತನಕ ಮೆಲ್ಲಗೆ ಮುಂದೆ ಹೋಗಿ, ಬಾವುಟ ನೋಡಿ, ಜಾನ್ ಡಿಯರ್ ಬಿ ಆದರೆ ಬಲಗೈಯ ಕ್ಲಚ್ ಕೋಲನ್ನು ನಿಧಾನವಾಗಿ ಮುಂದಕ್ಕೆ ತಳ್ಳಿ, ಫಾರ್ಮಾಲ್ ಎಚ್ ಆದರೆ ಕಾಲಿನ ಕ್ಲಚ್ ನಿಧಾನವಾಗಿ ಬಿಡಿ. ಜಗ್ಗಿ ಎಳೆಯಬೇಡಿ, ಜಗ್ಗಿದರೆ ಹೊರಗೆ ಕಳಿಸುತ್ತಾರೆ. ಎಳೆದು ವಾಪಸ್ ಬಂದ ಮೇಲೆ ಟ್ಯಾಂಕ್‌ನ ನಲ್ಲಿ ಮುಚ್ಚಿ, ಕಾರ್ಬುರೇಟರ್ ಒಣಗಿ ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಲು ಬಿಡಿ.