ಎ.ಸಿ. ಇಲ್ಲದ ರೂಮು, ಮೇ ತಿಂಗಳು, 4.8 ಗಿಗಾಹರ್ಟ್ಸ್

"ಮುಂಬೈ ಸೆಕೆಗೆ ಏರ್ ಕೂಲರ್ ನಹೀಂ ಚಲೇಗಾ, ಲಿಕ್ವಿಡ್ ಹಾಕಿಸಿ." ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗಕ್ಕೆ ಓಡಿಸಬೇಕು, ಅದನ್ನು ತಂಪಾಗಿಡಲು ಏನು ಬೇಕು ಅಂದದ್ದಕ್ಕೆ ಲ್ಯಾಮಿಂಗ್ಟನ್ ರೋಡಿನ ಮೂರು ಕಂಪ್ಯೂಟರ್ ಅಂಗಡಿಯವರು ಇದನ್ನೇ ಹೇಳಿದರು. ಗೆಳೆಯರೂ ಅದನ್ನೇ ಹೇಳಿದರು. ಎರಡು ಬೇಸಿಗೆ ಕಳೆದಿವೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಐ5-8600ಕೆ ಪ್ರೊಸೆಸರ್ ಆರೂ ಕೋರ್‌ಗಳಲ್ಲಿ 4.8ಕ್ಕೆ ಓಡುತ್ತಿದೆ. ಮೇಲೆ ಕೂತಿರುವುದು ಅದೇ ಗಾಳಿ ಕೂಲರ್, ಹೈಪರ್ 212 ಇವೋ.

ಮಾಟುಂಗಾದಲ್ಲಿ, ಮುಲುಂಡಿನಲ್ಲಿ ನಡೆಯುವ ಯಕ್ಷಗಾನ, ತಾಳಮದ್ದಳೆಗಳನ್ನು ರೆಕಾರ್ಡ್ ಮಾಡುವುದು ನನ್ನ ಹುಚ್ಚು. ಒಂದು ಪ್ರಸಂಗದ ರೆಕಾರ್ಡಿಂಗನ್ನು ಕೊನೆಯ ಫೈಲಾಗಿ ತೆಗೆಯುವ ಎಕ್ಸ್‌ಪೋರ್ಟ್‌ಗೆ ಎರಡೂವರೆ ಗಂಟೆ ಹೋಗುತ್ತಿತ್ತು. ಹೊಸ ಪ್ರೊಸೆಸರಿಗೆ ದುಡ್ಡಿರಲಿಲ್ಲ, ಇದ್ದದ್ದನ್ನೇ ಎಳೆಯಬೇಕಿತ್ತು.

ಮೊದಲ ತಪ್ಪು ಮದರ್ ಬೋರ್ಡಿನ ಆಟೋ ವೋಲ್ಟೇಜ್ ನಂಬಿದ್ದು. ವೇಗ ನಿಗದಿ ಮಾಡುವ ಮಲ್ಟಿಪ್ಲೈಯರ್ 48 ಹಾಕಿ ಉಳಿದದ್ದನ್ನು ಆಟೋದಲ್ಲಿ ಬಿಟ್ಟೆ. ಅದು ಸುಮ್ನೆ 1.38 ವೋಲ್ಟಿನಷ್ಟು ತಳ್ಳಿತು. ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಹಾಕಿ ನಾಲ್ಕು ನಿಮಿಷಕ್ಕೆ 100 ಡಿಗ್ರಿ, ಕ್ಲಾಕ್ ತಾನಾಗಿ ಇಳಿಯಿತು. ನಾನು ಬೈದದ್ದು ಕೂಲರಿಗೆ. 700 ರೂಪಾಯಿ ಕೊಟ್ಟು ಹಿಂದೆ ಇನ್ನೊಂದು ಫ್ಯಾನ್ ಕಟ್ಟಿದೆ. ಇಳಿದದ್ದು ಎರಡು ಡಿಗ್ರಿ, ಜಾಸ್ತಿ ಅಂದರೆ.

ಎಲ್ಲರೂ ಡಿಲಿಡ್ ಮಾಡು, ಅಂದರೆ ಪ್ರೊಸೆಸರಿನ ಲೋಹದ ಮುಚ್ಚಳ ಬಿಚ್ಚು ಅಂದರು. ಈ ಚಿಪ್ಪಿನ ಮುಚ್ಚಳದ ಕೆಳಗೆ ಬೆಸುಗೆ ಇಲ್ಲ, ಶಾಖ ದಾಟಿಸುವ ಪೇಸ್ಟ್ ಇದೆ, ಗೊತ್ತು. ಆದರೆ ಹಿಂದೆ ಒಂದು 4670ಕೆ ಪ್ರೊಸೆಸರ್ ಮೇಲೆ ಬ್ಲೇಡ್ ಆಡಿಸಿ, ಹಸಿರು ಪದರದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದು, ಸುಮಾರು ಐದು ಸಾವಿರ ಕಳೆದುಕೊಂಡಿದ್ದೇನೆ. ಮತ್ತೆ ಅದಕ್ಕೆ ಕೈ ಹಾಕಲಿಲ್ಲ.

ದಾರಿ ಸಿಕ್ಕಿದ್ದು ಕೂಲರ್ ಬಿಚ್ಚಿದಾಗ. ತಳದಲ್ಲಿ ನಾಲ್ಕು ತಾಮ್ರದ ಪೈಪು. ನಡುವಿನ ಎರಡರ ಮೇಲೆ ಪೇಸ್ಟ್ ತೆಳುವಾಗಿ, ಕನ್ನಡಿಯ ಹಾಗೆ ಹರಡಿತ್ತು. ಅಂಚಿನ ಎರಡರ ಮೇಲೆ ಬೆಣ್ಣೆ ಮೆತ್ತಿದ ಹಾಗೆ ದಪ್ಪಗೆ ಉಳಿದಿತ್ತು. ಅಂದರೆ ಅಲ್ಲಿ ಒತ್ತಡವೇ ಬಿದ್ದಿಲ್ಲ, ಅಲ್ವಾ? ಪೈಪುಗಳ ನಡುವಿನ ಸಂದುಗಳಿಗೆ ಮೊದಲೇ ಎಂಎಕ್ಸ್-4 ಪೇಸ್ಟ್ ತುಂಬಿಸಿ ಒರೆಸಿಬಿಟ್ಟೆ, ಆಮೇಲೆ ಮೇಲಿನ ಪದರ. ಆ ಪದರವನ್ನು ಹೇಗೆ ಎಳೆಯುತ್ತೇನೆ, ಸ್ಕ್ರೂ ಯಾವ ಕ್ರಮದಲ್ಲಿ ಎಷ್ಟು ಸುತ್ತು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಐದಾರು ಡಿಗ್ರಿ ಅಲ್ಲೇ ಇಳಿಯಿತು. ಕ್ಯಾಬಿನೆಟ್ಟಿನ ಮುಂಭಾಗದ ಫಿಲ್ಟರ್ ತೆಗೆದರೆ ಕಂಬಳಿಯಂಥ ಧೂಳು. ಎದುರು ಬಿಲ್ಡಿಂಗ್ ಏಳುತ್ತಿದೆ, ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು.

ಉಳಿದದ್ದು ವೋಲ್ಟೇಜ್ ಇಳಿಸುವ ಕೆಲಸ. ಎಲ್ಎಲ್‌ಸಿ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ನಡುವಿನ ಮಟ್ಟ, 1.32ರಿಂದ ಒಂದೊಂದೇ ಮೆಟ್ಟಿಲು ಕೆಳಗೆ. ಹೀಗೆ ಮೂರು ವಾರ, ದಿನಾ ರಾತ್ರಿ. 1.25ಕ್ಕೆ ನೀಲಿ ಪರದೆ ಬಂತು. 1.26ಕ್ಕೆ ಪ್ರೈಮ್ ಪಾಸ್, ಆದರೆ ಈವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ತಪ್ಪುಗಳನ್ನು ವಿಂಡೋಸ್ ಬರೆದಿಡುವ ವ್ಹಿಯಾ ಎರರ್‌ಗಳು. ಇದನ್ನು ನೋಡದೆ "ಸ್ಟೇಬಲ್" ಅನ್ನುವವರನ್ನು ನಾನು ನಂಬುವುದಿಲ್ಲ. ಲೋಡಿನಲ್ಲಿ 1.275ಕ್ಕೆ ಎಲ್ಲ ಶಾಂತವಾಯಿತು. ಎವಿಎಕ್ಸ್ ಆಫ್‌ಸೆಟ್ ಸೊನ್ನೆ, ಅಂದರೆ ಎವಿಎಕ್ಸ್ ಎಂಬ ಭಾರದ ಲೆಕ್ಕದ ಸೂಚನೆಗಳು ಓಡುವಾಗಲೂ ವೇಗ ಇಳಿಸುವುದಿಲ್ಲ. ಎಕ್ಸ್‌ಪೋರ್ಟ್ ಓಡುವುದೇ ಎವಿಎಕ್ಸ್ ಮೇಲೆ. ಅಲ್ಲಿ 4.6ಕ್ಕೆ ಇಳಿದರೆ ಇಷ್ಟು ಒದ್ದಾಡಿ ಏನು ಬಂತು?

ಮಧ್ಯೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಕಿಟಕಿಗೆ ಒದ್ದೆ ಟವೆಲ್ ಕಟ್ಟಿದೆ. ಊರ ಕಡೆ ಒಣ ಗಾಳಿಗೆ ಅದು ಸರಿ, ಇಲ್ಲಿಯ ತೇವಕ್ಕೆ ಟವೆಲ್ ಒಣಗುವುದೇ ಇಲ್ಲ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಮುಂದಿನ ಫ್ಯಾನಿನಿಂದ ಕೂಲರಿನ ತನಕ ಸುರಂಗ ಮಾಡಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು, ನಾಲ್ಕು ಡಿಗ್ರಿ ಇಳಿಯಿತು. ಖರ್ಚು ಟೇಪಿನದು ಮಾತ್ರ.

ಈಗ ರೂಮು 33 ಇದ್ದಾಗ ಎಕ್ಸ್‌ಪೋರ್ಟಿನಲ್ಲಿ 86-87. ಪ್ರೈಮ್ ಹಾಕಿದರೆ 94 ಮುಟ್ಟುತ್ತದೆ, ಕ್ಲಾಕ್ ಇಳಿಯುವುದಿಲ್ಲ. ಎರಡೂವರೆ ಗಂಟೆ ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದಿದೆ. ಜನವರಿ ರಾತ್ರಿ ಟೆಸ್ಟ್ ಮಾಡಿ 5.0 ಅಂತ ಫೋಟೋ ಹಾಕುವವರು ಅದನ್ನೇ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಓಡಿಸಿ ತೋರಿಸಲಿ. ನಾನು ನನ್ನ ನಂಬರ್ ಹಾಕಿದ್ದೇ ಆ ಹೊತ್ತಿನಲ್ಲಿ.

ಒಟ್ಟು ಖರ್ಚು ಕೂಲರ್ ಸೇರಿ ನಾಲ್ಕು ಸಾವಿರದೊಳಗೆ. ಅಂಗಡಿಯವರು ಹೇಳಿದ ಲಿಕ್ವಿಡ್ ಒಂದಕ್ಕೇ ಒಂಬತ್ತು ಸಾವಿರ ಇತ್ತು. ಮುಂದಿನ ಭಾನುವಾರ ಠಾಣೆಯ ಗೆಳೆಯ ತನ್ನ ಕ್ಯಾಬಿನೆಟ್ ತರುತ್ತಿದ್ದಾನೆ. ರಟ್ಟು ಈಗಲೇ ಎತ್ತಿಟ್ಟಿದ್ದೇನೆ.